ಬಿಳಿ ಪರದೆಯ ಹಿಂದೆ: ಬ್ಲಾಗ್‌ನ ಸ್ಟೈಲ್‌ಶೀಟ್ ಹಗುರ ಮಾಡಿದ ಅನುಭವ

ನನ್ನ ಬ್ಲಾಗ್‌ನಲ್ಲಿ ಇರುವುದು ಬರಹ ಮಾತ್ರ. ದೊಡ್ಡ ವಿಡಿಯೊ ಇಲ್ಲ, ಲಾಗಿನ್ ಇಲ್ಲ, ಜಾಹೀರಾತು ಇಲ್ಲ. ಆದರೂ ಹಳೆಯ ಫೋನ್‌ನಲ್ಲಿ, ಸಿಗ್ನಲ್ ಕಮ್ಮಿ ಇರುವಾಗ ತೆರೆದರೆ ಪರದೆ ತುಂಬ ಹೊತ್ತು ಬಿಳಿಯಾಗೇ ಇರುತ್ತಿತ್ತು. ಆಮೇಲೆ ಎಲ್ಲವೂ ಒಮ್ಮೆಗೇ ಬಂದು ಕೂರುತ್ತಿತ್ತು. ಓದಲು ಬಂದವರನ್ನು ಹೀಗೆ ಕಾಯಿಸುವುದು ನನಗೆ ಸರಿ ಕಾಣಲಿಲ್ಲ. ಅಕ್ಷರಗಳು ನೆಟ್‌ವರ್ಕ್‌ಗೆ ಭಾರವೇ ಅಲ್ಲ. ಹಾಗಾದ್ರೆ ತಡ ಆಗುತ್ತಿದ್ದದ್ದು ಎಲ್ಲಿ?

ಕ್ರೋಮ್ ಬ್ರೌಸರ್‌ನಲ್ಲೇ ಇರುವ, ಪುಟದ ಒಳಗನ್ನು ತೋರಿಸುವ ಡೆವ್‌ಟೂಲ್ಸ್ ತೆರೆದು ನೆಟ್‌ವರ್ಕ್ ಟ್ಯಾಬ್ ನೋಡಿದೆ. ಕ್ಯಾಶ್, ಅಂದರೆ ಹಿಂದಿನ ಭೇಟಿಯಲ್ಲಿ ಉಳಿಸಿಟ್ಟ ಪ್ರತಿ, ಬಳಸಬೇಡ ಅಂತ ಟಿಕ್ ಹಾಕಿದೆ. ನೆಟ್‌ವರ್ಕ್ ವೇಗವನ್ನು ಬೇಕೆಂದೇ ಇಳಿಸಿದೆ. ಪ್ರೊಸೆಸರ್ ವೇಗವನ್ನೂ ಇಳಿಸಿದೆ. ಹೊಸ ಲ್ಯಾಪ್‌ಟಾಪ್, ಒಳ್ಳೆಯ ವೈಫೈ ಇಟ್ಟುಕೊಂಡು ಅಳೆದರೆ ಯಾವ ಪುಟವೂ ವೇಗವಾಗೇ ಕಾಣುತ್ತದೆ. ಓದುಗರ ಕೈಲಿರುವ ಫೋನ್ ಬೇರೆ. ಪುಟದ ವೇಗ ಅಳೆದು ಅಂಕ ಕೊಡುವ ಲೈಟ್‌ಹೌಸ್ ಅನ್ನುವ ಉಪಕರಣವೂ ಅಲ್ಲೇ ಇದೆ. ಅದರ ಅಂಕ ಒಂದೊಂದು ಸಲ ಒಂದೊಂದು ಥರ ಬರುತ್ತದೆ. ಹಾಗಾಗಿ ಹಲವು ಸಲ ಓಡಿಸಿ ನಡುವಿನ ಅಂಕವನ್ನೇ ಬರೆದಿಟ್ಟುಕೊಂಡೆ. ಮೊದಲ ಅಳತೆ ಕೈಯಲ್ಲಿ ಇಲ್ಲದಿದ್ದರೆ ಆಮೇಲೆ ಮಾಡಿದ್ದರಲ್ಲಿ ಯಾವುದು ಕೆಲಸಕ್ಕೆ ಬಂತು ಅಂತ ಹೇಳಲು ಆಗುವುದೇ ಇಲ್ಲ.

ಲೈಟ್‌ಹೌಸ್ ವರದಿಯಲ್ಲಿ ನಾನು ಮುಖ್ಯವಾಗಿ ನೋಡಿದ್ದು ಎರಡು. ಪರದೆಯ ಮೇಲೆ ಮೊದಲು ಏನಾದರೂ ಮೂಡಲು ಎಷ್ಟು ಹೊತ್ತು ಬೇಕು, ಮತ್ತು ಪರದೆಯಲ್ಲಿ ಕಾಣುವ ಅತಿ ದೊಡ್ಡ ಭಾಗ ಬರಲು ಎಷ್ಟು ಹೊತ್ತು ಬೇಕು. ಎರಡನೆಯದನ್ನು ಎಲ್‌ಸಿಪಿ ಅನ್ನುತ್ತಾರೆ. ಅದು 2.5 ಸೆಕೆಂಡಿನ ಒಳಗಿದ್ದರೆ ಒಳ್ಳೆಯದು ಅಂತ ಗೂಗಲ್‌ನ ಅಳತೆಗೋಲು ಹೇಳುತ್ತದೆ. ನನ್ನ ಪುಟ ಅದರ ಹತ್ತಿರವೂ ಇರಲಿಲ್ಲ.

ಯಾವ ಕಡತ ಯಾವಾಗ ಬಂತು ಅಂತ ತೋರಿಸುವ ವಾಟರ್‌ಫಾಲ್ ಚಾರ್ಟ್‌ನಲ್ಲಿ ವಿಷಯ ಸ್ಪಷ್ಟವಾಗಿ ಕಾಣುತ್ತಿತ್ತು. ಎಚ್‌ಟಿಎಂಎಲ್ ಕಡತ ಬೇಗನೆ ಬಂದು ತಲುಪುತ್ತಿತ್ತು. ಅಂದರೆ ನನ್ನ ಬರಹ ಓದುಗರ ಫೋನ್‌ಗೆ ಆಗಲೇ ಬಂದಾಗಿತ್ತು. ಆದರೆ ಬ್ರೌಸರ್ ಅದನ್ನು ತೋರಿಸುತ್ತಿರಲಿಲ್ಲ. ಬಣ್ಣ, ಅಕ್ಷರದ ಗಾತ್ರ, ಜೋಡಣೆ ಹೇಗಿರಬೇಕು ಅಂತ ಹೇಳುವ ಸ್ಟೈಲ್‌ಶೀಟ್ ಕಡತ ಬರಲಿ ಅಂತ ಕಾಯುತ್ತಿತ್ತು. ಅದನ್ನು ಸಿಎಸ್‌ಎಸ್ ಭಾಷೆಯಲ್ಲಿ ಬರೆಯುತ್ತಾರೆ, ಅದರ ಒಂದೊಂದು ಸೂಚನೆಯೂ ಒಂದು ರೂಲ್.

ಬ್ರೌಸರ್ ಹೀಗೆ ಕಾಯುವುದಕ್ಕೆ ಕಾರಣ ಇದೆ. ಪುಟದ ತಲೆಭಾಗದಲ್ಲಿ ಸ್ಟೈಲ್‌ಶೀಟ್‌ನ ಲಿಂಕ್ ಸಿಕ್ಕ ಕೂಡಲೇ ಅದು ಆ ಕಡತವನ್ನು ತರಿಸುತ್ತದೆ. ಪೂರ್ತಿ ಬಂದ ಮೇಲೆ ಓದಿ, ಯಾವ ರೂಲ್ ಯಾವ ಭಾಗಕ್ಕೆ ಅನ್ವಯಿಸುತ್ತದೆ ಅಂತ ಲೆಕ್ಕ ಹಾಕುತ್ತದೆ. ಆಮೇಲಷ್ಟೇ ಪುಟ ಬಿಡಿಸುತ್ತದೆ. ಹಾಗೆ ಮಾಡದಿದ್ದರೆ ಮೊದಲು ಬರೀ ಅಕ್ಷರ ಕಂಡು, ಮರುಕ್ಷಣ ಎಲ್ಲವೂ ಜಾಗ ಬದಲಿಸಿ ಕಣ್ಣಿಗೆ ಕಿರಿಕಿರಿ ಆಗುತ್ತದೆ. ಹಾಗಾಗಿ ತಲೆಭಾಗದ ಸ್ಟೈಲ್‌ಶೀಟ್‌ನಲ್ಲಿ ಬರೆದ ಪ್ರತಿ ಸಾಲೂ ಓದುಗರನ್ನು ಒಂಚೂರು ಕಾಯಿಸುತ್ತದೆ. ಪುಟದ ತಳದಲ್ಲಿರುವ ಒಂದು ಗುಂಡಿಯ ಬಣ್ಣ ಕೂಡ ಮೊದಲ ಸಾಲಿನ ಬರಹವನ್ನು ತಡೆದು ನಿಲ್ಲಿಸುತ್ತದೆ. ಇದು ಅರ್ಥವಾದ ಮೇಲೆ ಕಡತ ಎಷ್ಟು ಕಿಲೋಬೈಟ್ ಅನ್ನುವುದಕ್ಕಿಂತ ಬೇರೆ ಪ್ರಶ್ನೆ ಮುಖ್ಯ ಅನಿಸಿತು. ಮೊದಲ ಪ್ಯಾರಾ ಓದಲು ಈ ರೂಲ್ ಬೇಕಾ? ಮುಂದಿನ ಎಲ್ಲ ಕೆಲಸವನ್ನೂ ಈ ಪ್ರಶ್ನೆ ಹಿಡಿದೇ ಮಾಡಿದೆ.

ಮೊದಲು ಕೈ ಹಾಕಿದ್ದು ಒಂದು ಕಡತ ಇನ್ನೊಂದನ್ನು ಕರೆಯುವ ಸರಪಳಿಗೆ. ಬ್ಲಾಗ್‌ಗೆ ಬಳಸುತ್ತಿದ್ದ ಸಿದ್ಧ ವಿನ್ಯಾಸದ, ಅಂದರೆ ಥೀಮ್‌ನ, ಮುಖ್ಯ ಸಿಎಸ್‌ಎಸ್ ಕಡತದ ಮೊದಲ ಸಾಲಿನಲ್ಲೇ ಒಂದು ಇಂಪೋರ್ಟ್ ಇತ್ತು. ಅದು ಇನ್ನೊಂದು ಸರ್ವರ್‌ನಲ್ಲಿದ್ದ ಫಾಂಟ್‌ಗಳ ಸ್ಟೈಲ್‌ಶೀಟ್ ಅನ್ನು ಕರೆಯುತ್ತಿತ್ತು. ಆ ಸ್ಟೈಲ್‌ಶೀಟ್ ಬಂದ ಮೇಲೆ ಫಾಂಟ್ ಕಡತಗಳು ಶುರುವಾಗುತ್ತಿದ್ದವು. ಬ್ರೌಸರ್‌ಗಳು ಎಚ್‌ಟಿಎಂಎಲ್ ಮೇಲೆ ಮುಂಚಿತವಾಗಿ ಕಣ್ಣಾಡಿಸಿ, ಬೇಕಾಗುವ ಕಡತಗಳನ್ನು ಮೊದಲೇ ತರಿಸಲು ಶುರು ಮಾಡುತ್ತವೆ. ಆದರೆ ಸಿಎಸ್‌ಎಸ್ ಕಡತದ ಒಳಗೆ ಅಡಗಿರುವ ಇಂಪೋರ್ಟ್ ಆ ಕಣ್ಣಿಗೆ ಬೀಳುವುದಿಲ್ಲ. ಮೊದಲ ಕಡತ ಬಂದು ತಲುಪಿದ ಮೇಲೆಯೇ ಎರಡನೆಯದು ಬೇಕು ಅಂತ ಗೊತ್ತಾಗುವುದು. ಅದು ಬೇರೆ ಸರ್ವರ್ ಆದರೆ ವಿಳಾಸ ಹುಡುಕಿ, ಸಂಪರ್ಕ ಮಾಡಿ, ಸುರಕ್ಷಿತ ಕೊಂಡಿ ಕಟ್ಟುವ ಹೊತ್ತು ಬೇರೆ. ನಿಧಾನದ ನೆಟ್‌ವರ್ಕ್‌ನಲ್ಲಿ ಈ ಹೋಗಿಬರುವ ಸಮಯವೇ ಕಡತದ ಗಾತ್ರಕ್ಕಿಂತ ದುಬಾರಿ.

ಇಂಪೋರ್ಟ್ ಸಾಲನ್ನು ತೆಗೆದೆ. ಫಾಂಟ್ ರೂಲ್‌ಗಳನ್ನು ನನ್ನದೇ ಸ್ಟೈಲ್‌ಶೀಟ್‌ಗೆ ತಂದೆ, ಫಾಂಟ್ ಕಡತಗಳನ್ನು ನನ್ನದೇ ಸರ್ವರ್‌ನಲ್ಲಿ ಇಟ್ಟೆ. ಹೆಸರಾದ ಫಾಂಟ್ ಸೇವೆ ಬಳಸಿದರೆ ಬೇರೆ ತಾಣಕ್ಕೆ ಹೋದಾಗಲೇ ಆ ಫಾಂಟ್ ಕ್ಯಾಶ್ ಆಗಿರುತ್ತದೆ, ಅದರಿಂದ ಲಾಭ ಅಂತ ಹಿಂದೆ ಹೇಳುತ್ತಿದ್ದರು. ಈಗ ಅದು ನಿಜವಲ್ಲ. ಖಾಸಗಿತನದ ಕಾರಣಕ್ಕೆ ಬ್ರೌಸರ್‌ಗಳು ತಾಣಕ್ಕೊಂದು ಅಂತ ಕ್ಯಾಶ್ ಅನ್ನು ಬೇರೆ ಮಾಡಿವೆ. ಕ್ರೋಮ್‌ನಲ್ಲಿ ಇದು 2020ರಲ್ಲಿ, 86ನೇ ಆವೃತ್ತಿಯಿಂದ ಬಂತು. ಈ ಒಂದೇ ಬದಲಾವಣೆಗೆ ಬಿಳಿ ಪರದೆಯ ಹೊತ್ತು ಕಣ್ಣಿಗೆ ಕಾಣುವಷ್ಟು ಇಳಿಯಿತು. ಗಾತ್ರದಲ್ಲಿ ಇನ್ನೂ ಏನೂ ಕಮ್ಮಿ ಮಾಡಿರಲಿಲ್ಲ, ನೋಡಿ.

ಆಮೇಲೆ ಸರ್ವರ್ ಕಡೆ ನೋಡಿದೆ. ಸಿಎಸ್‌ಎಸ್‌ನಲ್ಲಿ ಒಂದೇ ಪದಗಳು ಪದೇ ಪದೇ ಬರುವುದರಿಂದ ಅದು ಚೆನ್ನಾಗಿ ಕುಗ್ಗುತ್ತದೆ. ಕಡತ ಕುಗ್ಗಿಸಿ ಕಳಿಸುವ ಜಿಜಿಪ್ ಆಗಲೇ ಇತ್ತು, ಅಂಥದ್ದೇ ಇನ್ನೊಂದು ವಿಧಾನವಾದ ಬ್ರೋಟ್ಲಿ ಆನ್ ಮಾಡಿದೆ. ಖಾಲಿ ಜಾಗ, ಕಾಮೆಂಟ್ ತೆಗೆಯುವ ಮಿನಿಫೈ ಕೆಲಸವನ್ನು ತಾಣವನ್ನು ಸಿದ್ಧಪಡಿಸುವ ಬಿಲ್ಡ್ ಹಂತಕ್ಕೆ ಸೇರಿಸಿದೆ. ಮಿನಿಫೈ ಬಗ್ಗೆ ಎಲ್ಲರೂ ತುಂಬ ಹೇಳುತ್ತಾರೆ. ಮಾಡಬೇಕು ನಿಜ, ಆದರೆ ಕುಗ್ಗಿಸುವಿಕೆ ಆಗಲೇ ಇದ್ದರೆ ಅದರ ಮೇಲೆ ಸಿಗುವ ಲಾಭ ಸಣ್ಣದು. ಬೇಡದ ಕೋಡ್ ಅನ್ನು ಒತ್ತಿ ಚಿಕ್ಕದು ಮಾಡಿದರೂ ಅದು ಬೇಡದ ಕೋಡೇ.

ಹಾಗಾದರೆ ಬೇಡದ್ದು ಎಷ್ಟಿದೆ? ಇದನ್ನು ತೋರಿಸಲು ಡೆವ್‌ಟೂಲ್ಸ್‌ನಲ್ಲೇ ಕವರೇಜ್ ಅನ್ನುವ ಟ್ಯಾಬ್ ಇದೆ. ಕಂಟ್ರೋಲ್, ಶಿಫ್ಟ್, ಪಿ ಒತ್ತಿ ಕವರೇಜ್ ಅಂತ ಟೈಪ್ ಮಾಡಿದರೆ ಸಿಗುತ್ತದೆ. ಪುಟವನ್ನು ಮತ್ತೆ ಲೋಡ್ ಮಾಡಿದರೆ ಪ್ರತಿ ಕಡತದಲ್ಲಿ ಬಳಕೆಯಾಗದ ಭಾಗವನ್ನು ಕೆಂಪು ಪಟ್ಟಿಯಲ್ಲಿ ತೋರಿಸುತ್ತದೆ. ನನ್ನ ಸ್ಟೈಲ್‌ಶೀಟ್‌ನ ಪಟ್ಟಿ ಹೆಚ್ಚೂಕಮ್ಮಿ ಇಡೀ ಕೆಂಪಾಗಿತ್ತು.

ಕೆಂಪಿನ ಒಳಗೆ ಏನಿದೆ ಅಂತ ಸಾಲು ಸಾಲಾಗಿ ಓದಿದೆ. ಇದು ಬೇಸರದ ಕೆಲಸ ಅನಿಸಬಹುದು, ಆದರೆ ನನಗೆ ತುಂಬ ಹಿಡಿಸಿತು. ಒಂದು ಥೀಮ್ ಹೇಗೆ ಬೆಳೆಯುತ್ತದೆ ಅನ್ನುವುದು ಅಲ್ಲಿ ಕಾಣುತ್ತದೆ. ಹನ್ನೆರಡು ಕಾಲಮ್‌ಗಳ ಒಂದು ಗ್ರಿಡ್ ಇತ್ತು. ನನ್ನ ಪುಟದಲ್ಲಿ ಇರುವುದು ಒಂದೇ ಕಾಲಮ್. ಚಿತ್ರಗಳು ಸರಿಯುವ ಸ್ಲೈಡರ್‌ಗೆ, ಬೆಲೆಪಟ್ಟಿಗೆ, ಪ್ರಶಂಸೆಯ ಪೆಟ್ಟಿಗೆಗೆ, ಸಂಪರ್ಕದ ಫಾರ್ಮ್‌ಗೆ ರೂಲ್‌ಗಳಿದ್ದವು. ಥೀಮ್ ಮಾಡಿದವರು ಎಲ್ಲ ರೀತಿಯ ತಾಣಕ್ಕೂ ಆಗಲಿ ಅಂತ ಇವನ್ನೆಲ್ಲ ಇಟ್ಟಿರುತ್ತಾರೆ. ಅದು ಅವರ ದೃಷ್ಟಿಯಿಂದ ಸರಿಯೇ. ನನ್ನ ಓದುಗರಿಗೆ ಮಾತ್ರ ಅದರಿಂದ ಏನೂ ಸಿಗುತ್ತಿರಲಿಲ್ಲ.

ಹಳೆಯ ಬ್ರೌಸರ್‌ಗಳಿಗಾಗಿ ಬರೆದ ಸಾಲುಗಳೂ ರಾಶಿ ಇದ್ದವು. ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೆ ಅಂತಲೇ ಫಿಲ್ಟರ್‌ಗಳು, ಪ್ರಾಪರ್ಟಿ ಹೆಸರಿನ ಮುಂದೆ ನಕ್ಷತ್ರ ಚಿಹ್ನೆ ಹಾಕಿದ ಉಪಾಯಗಳು. ಆ ಬ್ರೌಸರ್‌ನ 11ನೇ ಆವೃತ್ತಿಯನ್ನು ಮೈಕ್ರೋಸಾಫ್ಟ್ 2022ರ ಜೂನ್ 15ರಂದು ನಿವೃತ್ತಿ ಮಾಡಿತು. ಮೂಲೆ ಗುಂಡಗೆ ಮಾಡುವ ಒಂದು ರೂಲ್‌ಗೆ ವೆಬ್‌ಕಿಟ್, ಮೋಜ್ ಅಂತ ಬೇರೆ ಬೇರೆ ಬ್ರೌಸರ್‌ಗಳಿಗಾಗಿ ಹೆಸರಿನ ಮುಂದೆ ಪ್ರಿಫಿಕ್ಸ್ ಹಾಕಿ ಮೂರು ಮೂರು ಸಾಲು ಬರೆದಿದ್ದರು. ಒಂದು ಸಾಲು ಸಾಕು. ಹಾಗಂತ ಪ್ರಿಫಿಕ್ಸ್ ಇರುವ ಎಲ್ಲವನ್ನೂ ಕಣ್ಣು ಮುಚ್ಚಿ ಅಳಿಸಬಾರದು. ಮುಖಪುಟದಲ್ಲಿ ಪ್ರತಿ ಬರಹದ ಸಾರಾಂಶವನ್ನು ಮೂರು ಸಾಲಿಗೆ ನಿಲ್ಲಿಸಲು ನಾನು ಬಳಸುವ ಲೈನ್ ಕ್ಲ್ಯಾಂಪ್‌ಗೆ ಇವತ್ತಿಗೂ ವೆಬ್‌ಕಿಟ್ ಪ್ರಿಫಿಕ್ಸ್ ಬೇಕು. ಅದನ್ನು ಉಳಿಸಿಕೊಂಡೆ.

ಕವರೇಜ್ ಟ್ಯಾಬ್ ಕೆಂಪು ತೋರಿಸಿದ್ದೆಲ್ಲ ಕಸ ಅಲ್ಲ. ಇದನ್ನು ಒತ್ತಿ ಹೇಳಬೇಕು. ಅದು ಹೇಳುವುದು ಈ ಪುಟದಲ್ಲಿ, ಈ ಅಗಲದ ಪರದೆಯಲ್ಲಿ, ಈ ಕ್ಷಣದವರೆಗೆ ಬಳಕೆಯಾಗಿಲ್ಲ ಅಂತ ಮಾತ್ರ. ಮೆನು ತೆರೆದಾಗ ಬರುವ ಕ್ಲಾಸ್ (ಪುಟದ ಭಾಗಕ್ಕೆ ಕೊಡುವ ಗುರುತಿನ ಹೆಸರು), ಮೌಸ್ ಇಟ್ಟಾಗ ಬದಲಾಗುವ ಬಣ್ಣ, ಮುದ್ರಿಸುವಾಗಿನ ರೂಲ್, ಸಿಗದ ಪುಟಕ್ಕೆ ತೋರಿಸುವ 404 ಪುಟದ ವಿನ್ಯಾಸ, ಇವೆಲ್ಲ ಕೆಂಪಾಗೇ ಇರುತ್ತವೆ. ಅದಕ್ಕೆ ಕವರೇಜ್ ಓಡುತ್ತಿರುವಾಗಲೇ ಮೆನು ತೆರೆದೆ, ಪರದೆಯ ಅಗಲ ಹಿಗ್ಗಿಸಿ ಕುಗ್ಗಿಸಿದೆ, ಕೀಬೋರ್ಡ್‌ನ ಟ್ಯಾಬ್ ಕೀಲಿ ಒತ್ತುತ್ತಾ ಇಡೀ ಪುಟ ಸುತ್ತಿದೆ. ಈ ಕೊನೆಯದು ನನಗೆ ಬಹಳ ಮುಖ್ಯ. ಮೌಸ್ ಬಳಸಲು ಆಗದವರು ಕೀಬೋರ್ಡ್‌ನಿಂದಲೇ ಓಡಾಡುತ್ತಾರೆ. ಅವರು ಈಗ ಯಾವ ಲಿಂಕ್ ಮೇಲೆ ಇದ್ದಾರೆ ಅಂತ ತೋರಿಸುವ ಫೋಕಸ್ ರೂಲ್‌ಗಳು ಅಂಕಿಅಂಶದಲ್ಲಿ ಬಳಕೆಯಾಗದ ಸಾಲುಗಳಂತೆ ಕಾಣುತ್ತವೆ. ಅವನ್ನು ಅಳಿಸಿದರೆ ವೇಗದ ಹೆಸರಿನಲ್ಲಿ ಕೆಲವರನ್ನು ಹೊರಗೆ ನಿಲ್ಲಿಸಿದಂತೆ. ಅಂಥ ವೇಗ ನನಗೆ ಬೇಡ.

ಇದನ್ನೆಲ್ಲ ತಾನೇ ಮಾಡುವ ಉಪಕರಣಗಳಿವೆ. ಪರ್ಜ್‌ಸಿಎಸ್‌ಎಸ್ ನಿಮ್ಮ ಎಚ್‌ಟಿಎಂಎಲ್ ಮತ್ತು ಜಾವಾಸ್ಕ್ರಿಪ್ಟ್ ಕಡತಗಳನ್ನು ಓದಿ, ಅಲ್ಲಿ ಕಾಣದ ಸೆಲೆಕ್ಟರ್‌ಗಳನ್ನು, ಅಂದರೆ ರೂಲ್ ಯಾವ ಭಾಗಕ್ಕೆ ಅಂತ ಹೇಳುವ ಹೆಸರುಗಳನ್ನು, ತೆಗೆಯುತ್ತದೆ. ತೆಗೆಯಲಿರುವುದನ್ನು ಪಟ್ಟಿ ಮಾಡಿ ತೋರಿಸುವ ಆಯ್ಕೆಯೂ ಇದೆ. ಆ ಪಟ್ಟಿಯನ್ನು ಪೂರ್ತಿ ಓದಿದೆ. ಕ್ಲಾಸ್‌ನ ಹೆಸರನ್ನು ಎರಡು ತುಂಡಾಗಿ ಬರೆದು ಸ್ಕ್ರಿಪ್ಟ್ ಓಡುವಾಗ ಜೋಡಿಸಿದ್ದರೆ ಅದು ಈ ಉಪಕರಣಕ್ಕೆ ಗೊತ್ತಾಗುವುದಿಲ್ಲ. ಅಂಥವನ್ನು ಅಳಿಸಬಾರದವುಗಳ ಪಟ್ಟಿಯಾದ ಸೇಫ್‌ಲಿಸ್ಟ್‌ಗೆ ಹಾಕಿದೆ. ಉಳಿದದ್ದನ್ನು ಒಂದೊಂದೇ ವಿಭಾಗವಾಗಿ ಅಳಿಸಿ, ಪ್ರತಿ ಸಲ ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ ಕಮಿಟ್ ಮಾಡಿ, ಹಿಂದಿನ ಮತ್ತು ಈಗಿನ ಸ್ಕ್ರೀನ್‌ಶಾಟ್ ಪಕ್ಕಪಕ್ಕ ಇಟ್ಟು ನೋಡಿದೆ. ಸಣ್ಣ ಸಣ್ಣ ಹೆಜ್ಜೆ ಇಟ್ಟರೆ ಎಲ್ಲಾದರೂ ಏನಾದರೂ ಸರಿದರೆ ಕಾರಣ ತಕ್ಷಣ ಸಿಗುತ್ತದೆ.

ಅಳಿಸಿ ಉಳಿದದ್ದರಲ್ಲಿ ಇನ್ನೊಂದು ತೊಂದರೆ ಕಂಡಿತು. ಒಂದೇ ತಲೆಬರಹಕ್ಕೆ ಬೇರೆ ಬೇರೆ ಕಡೆ ಬಣ್ಣ ಕೊಟ್ಟಿತ್ತು, ಒಂದು ಇನ್ನೊಂದನ್ನು ಅಳಿಸುತ್ತಿತ್ತು. ಅದನ್ನು ಮೀರಲು ಇಂಪಾರ್ಟೆಂಟ್ ಅಂತ ಹಾಕಿದ್ದರು, ಅದನ್ನೂ ಮೀರಲು ಇನ್ನೂ ಉದ್ದದ ಸೆಲೆಕ್ಟರ್. ಬರಹದ ಭಾಗದ ರೂಲ್‌ಗಳನ್ನು ತೇಪೆ ಹಾಕುವ ಬದಲು ಹೊಸದಾಗಿ ಬರೆದೆ. ಪ್ಯಾರಾ, ತಲೆಬರಹ, ಉಲ್ಲೇಖ, ಪಟ್ಟಿ, ಚಿತ್ರ, ಕೋಡ್. ಒಂದು ಬ್ಲಾಗ್‌ಗೆ ನಿಜವಾಗಿ ಬೇಕಾದದ್ದು ಇಷ್ಟೇ, ಅಲ್ವಾ? ಬಣ್ಣಗಳನ್ನು ಮತ್ತು ಅಂತರಗಳನ್ನು ಕಡತದ ಮೇಲೆಯೇ ವೇರಿಯಬಲ್‌ಗಳಾಗಿ ಇಟ್ಟೆ.

ಇನ್ನು ಫಾಂಟ್. ಕನ್ನಡದಲ್ಲಿ ಬರೆಯುವವರಿಗೆ ಇದೇ ದೊಡ್ಡ ವಿಷಯ. ಇದರ ಬಗ್ಗೆ ಇಂಗ್ಲಿಷ್ ಲೇಖನಗಳಲ್ಲಿ ಕೊಡುವ ಸಲಹೆ ನಮಗೆ ಹಾಗೇ ಒಗ್ಗುವುದಿಲ್ಲ.

ಎಲ್ಲ ಲಿಪಿಗಳ ಅಕ್ಷರಗಳಿಗೆ ಸಂಖ್ಯೆ ಕೊಡುವ ಯುನಿಕೋಡ್‌ನಲ್ಲಿ ಕನ್ನಡಕ್ಕೆ 128 ಸ್ಥಾನಗಳ ಒಂದು ಬ್ಲಾಕ್ ಇದೆ. ಅಷ್ಟೇನಾ ಅನಿಸುತ್ತದೆ. ಆದರೆ ಫಾಂಟ್‌ನ ಒಳಗೆ ಗುಣಿತಾಕ್ಷರ, ಒತ್ತಕ್ಷರ, ಇವುಗಳ ಜೋಡಣೆಗೆ ಅಂತ ನೂರಾರು ಆಕಾರಗಳು ಇರುತ್ತವೆ. ಯಾವ ಅಕ್ಷರದ ಜೊತೆ ಯಾವ ಆಕಾರ ಬರಬೇಕು ಅನ್ನುವ ಕೋಷ್ಟಕಗಳೂ ಇರುತ್ತವೆ. ಹಾಗಾಗಿ ಕಡತ ದಪ್ಪ. ಥೀಮ್ ನಾಲ್ಕು ದಪ್ಪಗಳ ಫಾಂಟ್ ತರಿಸುತ್ತಿತ್ತು: ತೆಳು, ಸಾಮಾನ್ಯ, ಮಧ್ಯಮ, ದಪ್ಪ. ತೆಳು ಮತ್ತು ಮಧ್ಯಮ ಬಳಕೆಯಲ್ಲಿದ್ದದ್ದು ಎರಡೇ ಕಡೆ, ಅಲ್ಲೂ ಸಾಮಾನ್ಯ ದಪ್ಪವೇ ಚೆನ್ನಾಗಿ ಕಾಣುತ್ತಿತ್ತು. ಎರಡನ್ನೂ ಬಿಟ್ಟೆ. ಉಳಿದವನ್ನು ವೆಬ್‌ಗೆ ಅಂತಲೇ ಇರುವ ವೋಫ್2 ಫಾಂಟ್ ರೂಪಕ್ಕೆ ಬದಲಿಸಿದೆ. ಅದರ ಒಳಗಿನ ಕುಗ್ಗಿಸುವಿಕೆ ಬ್ರೋಟ್ಲಿಯದೇ.

ಫಾಂಟ್‌ನಿಂದ ಬೇಡದ ಅಕ್ಷರಗಳನ್ನು ಕತ್ತರಿಸುವುದಕ್ಕೆ ಸಬ್‌ಸೆಟ್ ಮಾಡುವುದು ಅನ್ನುತ್ತಾರೆ. ಇಂಗ್ಲಿಷ್‌ಗೆ ಇದು ಸುಲಭ. ಕನ್ನಡಕ್ಕೆ ಮಾಡುವಾಗ ಆ ಜೋಡಣೆಯ ಕೋಷ್ಟಕಗಳನ್ನು ಪೂರ್ತಿ ಉಳಿಸಿಕೊಳ್ಳಬೇಕು. ಇಲ್ಲದಿದ್ದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ಕಾಣುತ್ತವೆ. ಫಾಂಟ್‌ಟೂಲ್ಸ್‌ನ ಸಬ್‌ಸೆಟ್ ಉಪಕರಣದಲ್ಲಿ ಎಲ್ಲ ಲೇಔಟ್ ಫೀಚರ್‌ಗಳನ್ನೂ ಇಟ್ಟುಕೋ ಅಂತ ಹೇಳುವ ಆಯ್ಕೆ ಇದೆ, ಅದನ್ನೇ ಬಳಸಿದೆ. ಸ್ಟೈಲ್‌ಶೀಟ್‌ನಲ್ಲಿ ಈ ಫಾಂಟ್ ಯಾವ ಅಕ್ಷರಗಳಿಗೆ ಅಂತ ಹೇಳುವ ಯುನಿಕೋಡ್ ರೇಂಜ್ ಬರೆಯುವಾಗಲೂ ಕನ್ನಡದ ಬ್ಲಾಕ್ ಒಂದನ್ನೇ ಕೊಡಲಿಲ್ಲ. ಅಕ್ಷರ ಕೂಡಿಸಲು, ಬಿಡಿಸಲು ಬಳಸುವ ಕಾಣದ ಚಿಹ್ನೆಗಳಾದ ಝೀರೋ ವಿಡ್ತ್ ಜಾಯ್ನರ್ ಮತ್ತು ನಾನ್ ಜಾಯ್ನರ್ ಆ ಬ್ಲಾಕ್‌ನಲ್ಲಿ ಇಲ್ಲ, ಬೇರೆ ಕಡೆ ಇವೆ. ಇದೇ ಬರಹದ ಸ್ಟೈಲ್‌ಶೀಟ್, ಬ್ಲಾಗ್‌ನ ಅನ್ನುವಂಥ ಪದಗಳಲ್ಲಿ ಅರ್ಧಾಕ್ಷರ ಮುಂದಿನ ಅಕ್ಷರಕ್ಕೆ ಒತ್ತಾಗದೆ ನಿಲ್ಲುವುದು ಆ ಕಾಣದ ನಾನ್ ಜಾಯ್ನರ್‌ನಿಂದ. ಅವೆರಡನ್ನೂ, ದಂಡದ ಚಿಹ್ನೆಗಳನ್ನೂ, ರೂಪಾಯಿ ಚಿಹ್ನೆಯನ್ನೂ ರೇಂಜ್‌ಗೆ ಸೇರಿಸಿದೆ. ಕ್ಷ, ಜ್ಞ, ಸ್ತ್ರೀ, ರಾಷ್ಟ್ರ, ಅರ್ಕಾವತ್ತು ಇರುವ ಪದಗಳನ್ನೆಲ್ಲ ಒಂದು ಪರೀಕ್ಷಾ ಪುಟದಲ್ಲಿ ಬರೆದು ಕಣ್ಣಾರೆ ನೋಡಿದೆ. ಯಾವ ಸ್ವಯಂಚಾಲಿತ ಅಂಕವೂ ಒಡೆದ ಒತ್ತಕ್ಷರವನ್ನು ಹಿಡಿಯುವುದಿಲ್ಲ.

ಫಾಂಟ್ ಬರುವ ತನಕ ಏನು ತೋರಿಸಬೇಕು ಅನ್ನುವುದೂ ಸ್ಟೈಲ್‌ಶೀಟ್‌ನ ಕೈಯಲ್ಲೇ ಇದೆ. ಏನೂ ಹೇಳದಿದ್ದರೆ ಹೆಚ್ಚಿನ ಬ್ರೌಸರ್‌ಗಳು ಸುಮಾರು 3 ಸೆಕೆಂಡ್ ಅಕ್ಷರಗಳನ್ನು ಅಡಗಿಸಿಡುತ್ತವೆ. ಬರಹ ಬಂದಿದ್ದರೂ ಜಾಗ ಖಾಲಿ. ಫಾಂಟ್ ಡಿಸ್‌ಪ್ಲೇ ಸ್ವಾಪ್ ಅಂತ ಬರೆದರೆ ಫೋನ್‌ನಲ್ಲೇ ಇರುವ ಫಾಂಟ್‌ನಲ್ಲಿ ಕೂಡಲೇ ತೋರಿಸಿ, ಆಮೇಲೆ ಬದಲಿಸುತ್ತವೆ. ಇದರಲ್ಲಿ ಇನ್ನೊಂದು ಸಮಸ್ಯೆ ಇದೆ. ಒಂದು ಕನ್ನಡ ಫಾಂಟ್‌ಗೂ ಇನ್ನೊಂದಕ್ಕೂ ಎತ್ತರ, ಅಗಲದಲ್ಲಿ ತುಂಬ ವ್ಯತ್ಯಾಸ. ಬದಲಾದಾಗ ಸಾಲುಗಳು ಮುರಿದು ಇಡೀ ಪುಟ ಕೆಳಗೆ ಸರಿಯುತ್ತಿತ್ತು. ಓದುತ್ತಿದ್ದ ಸಾಲೇ ಕೈತಪ್ಪುತ್ತದೆ. ಸೈಜ್ ಅಡ್ಜಸ್ಟ್, ಅಸೆಂಟ್ ಓವರ್‌ರೈಡ್ ಅನ್ನುವ ರೂಲ್‌ಗಳಿಂದ ಬದಲಿ ಫಾಂಟ್‌ನ ಅಳತೆಯನ್ನು ಹೊಂದಿಸಬಹುದು. ಆದರೆ ಬದಲಿ ಫಾಂಟ್ ಎಲ್ಲ ಕಡೆ ಒಂದೇ ಅಲ್ಲ. ಆಂಡ್ರಾಯ್ಡ್‌ನಲ್ಲಿ ನೋಟೋ, ವಿಂಡೋಸ್‌ನಲ್ಲಿ ನಿರ್ಮಲ ಅಥವಾ ತುಂಗ, ಆಪಲ್‌ನಲ್ಲಿ ಕನ್ನಡ ಸಂಗಮ. ಒಂದಕ್ಕೆ ಹೊಂದಿಸಿದ್ದು ಇನ್ನೊಂದಕ್ಕೆ ಆಗದು.

ಕೊನೆಗೆ ನಾನು ಮಾಡಿದ ತೀರ್ಮಾನ ಇದು. ಬರಹದ ಮೈಗೆ ಓದುಗರ ಸಾಧನದಲ್ಲೇ ಇರುವ ಕನ್ನಡ ಫಾಂಟ್. ತಲೆಬರಹಗಳಿಗೆ ಮಾತ್ರ ನನ್ನ ಆಯ್ಕೆಯ ಒಂದು ಫಾಂಟ್, ಅದೂ ಆಪ್ಷನಲ್ ಅನ್ನುವ ಕ್ರಮದಲ್ಲಿ. ಅಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಬಂದರೆ ಬಳಸು, ಇಲ್ಲದಿದ್ದರೆ ಈ ಸಲ ಬಿಡು, ಮುಂದಿನ ಭೇಟಿಗೆ ಕ್ಯಾಶ್‌ನಲ್ಲಿ ಇರಲಿ. ಆ ಹಳೆಯ ಫಾಂಟ್ ನನಗೆ ತುಂಬ ಇಷ್ಟವಾಗಿತ್ತು, ಅದನ್ನು ಬಿಡಲು ಸುಲಭವಾಗಿ ಮನಸ್ಸು ಬರಲಿಲ್ಲ ಅನ್ನುವುದು ನಿಜ. ಆದರೆ ದಿನವೂ ತಮ್ಮ ಫೋನ್‌ನಲ್ಲಿ ಓದಿ ರೂಢಿಯಾದ ಅಕ್ಷರದಲ್ಲೇ ಓದುವುದು ಓದುಗರಿಗೆ ಸಲೀಸು.

ಐಕಾನ್ ಫಾಂಟ್ ಒಂದಿತ್ತು. ಸಾವಿರಕ್ಕೆ ಹತ್ತಿರದ ಐಕಾನ್‌ಗಳಲ್ಲಿ ನಾನು ಬಳಸುತ್ತಿದ್ದದ್ದು ಬೆರಳೆಣಿಕೆಯಷ್ಟು. ಅವನ್ನು ನೇರವಾಗಿ ಎಚ್‌ಟಿಎಂಎಲ್‌ನಲ್ಲೇ ಎಸ್‌ವಿಜಿ ಅನ್ನುವ ಗೆರೆಚಿತ್ರದ ರೂಪದಲ್ಲಿ ಬರೆದೆ. ಒಂದು ಹಿನ್ನೆಲೆಯ ಚಿತ್ರವನ್ನು ಬೇಸ್64 ಅನ್ನುವ ಅಕ್ಷರರೂಪಕ್ಕೆ ಬದಲಿಸಿ ಸಿಎಸ್‌ಎಸ್ ಒಳಗೇ ತುರುಕಿದ್ದರು. ಹಾಗೆ ಮಾಡಿದಾಗ ಚಿತ್ರದ ಗಾತ್ರ ಮೂರನೇ ಒಂದು ಭಾಗದಷ್ಟು ಹೆಚ್ಚುತ್ತದೆ. ಅದಕ್ಕಿಂತ ಮುಖ್ಯವಾಗಿ, ಬೇರೆ ಕಡತವಾಗಿದ್ದರೆ ಹಿಂದಿನಿಂದ ಬರಬಹುದಾದ ಚಿತ್ರ ಈಗ ಬರಹವನ್ನೇ ತಡೆಯುತ್ತದೆ. ಅದನ್ನು ತೆಗೆದು ಒಂದು ಬಣ್ಣ ಕೊಟ್ಟೆ.

ಈ ಹಂತದಲ್ಲಿ ಕ್ರಿಟಿಕಲ್ ಸಿಎಸ್‌ಎಸ್ ವಿಷಯ ಬಂತು. ಮೊದಲ ಪರದೆಗೆ ಬೇಕಾದ ರೂಲ್‌ಗಳನ್ನು ಎಚ್‌ಟಿಎಂಎಲ್ ಒಳಗೇ ಬರೆದು, ಉಳಿದವನ್ನು ಆಮೇಲೆ ತರಿಸುವ ಪದ್ಧತಿ ಇದು. ಬ್ರೌಸರ್ ಮತ್ತು ಸರ್ವರ್ ನಡುವೆ ಟಿಸಿಪಿ ಅನ್ನುವ ಕ್ರಮದ ಸಂಪರ್ಕ ಶುರುವಾದಾಗ ಸರ್ವರ್ ಮೊದಲ ಕಂತಿನಲ್ಲಿ ಸಾಮಾನ್ಯವಾಗಿ 10 ಪ್ಯಾಕೆಟ್ ಕಳಿಸುತ್ತದೆ, ಅಂದರೆ ಸುಮಾರು 14 ಕಿಲೋಬೈಟ್. ಮೊದಲ ಪರದೆಗೆ ಬೇಕಾದದ್ದೆಲ್ಲ ಅಷ್ಟರಲ್ಲಿ ಹಿಡಿದರೆ ಮತ್ತೊಮ್ಮೆ ಹೋಗಿಬರುವ ಹೊತ್ತು ಉಳಿಯುತ್ತದೆ. ಹಾಗೆ ಎರಡು ಭಾಗ ಮಾಡಿ ನೋಡಿದೆ. ವೇಗವಾಗಿ ಕೆಳಗೆ ಸ್ಕ್ರೋಲ್ ಮಾಡಿದರೆ ಅಡಿಭಾಗ ಒಂದು ಕ್ಷಣ ಬೆತ್ತಲಾಗಿ ಕಂಡು ಆಮೇಲೆ ಸರಿಯಾಗುತ್ತಿತ್ತು. ಅಷ್ಟೊತ್ತಿಗೆ ನನ್ನ ಸ್ಟೈಲ್‌ಶೀಟ್ ಕುಗ್ಗಿಸಿದ ಮೇಲೆ ಎಷ್ಟು ಚಿಕ್ಕದಾಗಿತ್ತು ಅಂದರೆ ಭಾಗ ಮಾಡುವ ಅಗತ್ಯವೇ ಇರಲಿಲ್ಲ. ಇಡೀ ಮುಖ್ಯ ಸ್ಟೈಲ್‌ಶೀಟ್ ಅನ್ನೇ ಪುಟದ ತಲೆಭಾಗಕ್ಕೆ ಸೇರಿಸಿಬಿಟ್ಟೆ. ಹೀಗೆ ಮಾಡಿದರೆ ಅದು ಪ್ರತ್ಯೇಕವಾಗಿ ಕ್ಯಾಶ್ ಆಗುವುದಿಲ್ಲ, ಪ್ರತಿ ಪುಟದ ಜೊತೆಗೂ ಮತ್ತೆ ಹೋಗುತ್ತದೆ. ನನ್ನ ಓದುಗರಲ್ಲಿ ಹೆಚ್ಚಿನವರು ಯಾರೋ ಕಳಿಸಿದ ಲಿಂಕ್ ಹಿಡಿದು ಬಂದು ಒಂದು ಬರಹ ಓದಿ ಹೋಗುವವರು. ಅವರಿಗೆ ಇದೇ ಒಳ್ಳೆಯದು. ಒಂದೇ ಭೇಟಿಯಲ್ಲಿ ಹತ್ತಾರು ಪುಟ ತಿರುವುವ ತಾಣವಾದರೆ, ಕಡತ ದೊಡ್ಡದಾದರೆ, ನಾನು ಬೇರೆ ಕಡತವಾಗೇ ಇಟ್ಟು ಒಂದು ವರ್ಷದ ಕ್ಯಾಶ್ ಕೊಡುತ್ತಿದ್ದೆ.

ಎರಡು ಕಡತ ಮಾತ್ರ ಹೊರಗೆ ಉಳಿದವು. ಮುದ್ರಣದ ರೂಲ್‌ಗಳಿಗೆ ಮೀಡಿಯಾ ಪ್ರಿಂಟ್ ಅಂತ ಹಾಕಿದೆ. ಆಗ ಬ್ರೌಸರ್ ಅದನ್ನು ತರಿಸುತ್ತದೆ, ಆದರೆ ಅದಕ್ಕಾಗಿ ಪುಟವನ್ನು ತಡೆಯುವುದಿಲ್ಲ. ಕೋಡ್‌ಗೆ ಬಣ್ಣ ಹಚ್ಚುವ ಸ್ಟೈಲ್‌ಶೀಟ್ ಕೋಡ್ ಇರುವ ಬರಹಗಳಲ್ಲಿ ಮಾತ್ರ ಬರುವಂತೆ ಟೆಂಪ್ಲೇಟ್ ಬದಲಿಸಿದೆ. ಎರಡಕ್ಕೂ ಹೆಸರಿನಲ್ಲೇ ಹ್ಯಾಶ್, ಅಂದರೆ ಒಳಗಿನದರಿಂದ ಲೆಕ್ಕ ಹಾಕಿದ ಗುರುತು, ಇದೆ, ಒಳಗಿನದು ಬದಲಾದರೆ ಹೆಸರೂ ಬದಲಾಗುತ್ತದೆ. ಹಾಗಾಗಿ ಅವುಗಳಿಗೆ ಉದ್ದದ ಕ್ಯಾಶ್ ಅವಧಿ ಕೊಟ್ಟರೂ ಹಳೆಯದು ಉಳಿದುಬಿಡುವ ಭಯ ಇಲ್ಲ.

ಸೆಲೆಕ್ಟರ್ ಚಿಕ್ಕದು ಮಾಡಿ ವೇಗ ಪಡೆಯಿರಿ ಅಂತ ಹಲವರು ಬರೆಯುತ್ತಾರೆ. ಬ್ರೌಸರ್ ಸೆಲೆಕ್ಟರ್ ಅನ್ನು ಬಲದಿಂದ ಎಡಕ್ಕೆ ಹೋಲಿಸುತ್ತದೆ ಅನ್ನುವುದು ಸರಿ. ಆದರೆ ಬರಹದ ಪುಟದಷ್ಟು ಸಣ್ಣದರಲ್ಲಿ ಇದರಿಂದ ಅಳತೆಗೆ ಸಿಗುವ ವ್ಯತ್ಯಾಸ ನನಗೆ ಕಾಣಲಿಲ್ಲ. ಓದಲು ಸುಲಭವಾಗಲಿ ಅಂತ ಚಿಕ್ಕದು ಮಾಡಿ, ಸಾಕು. ಉದ್ದದ ಪುಟದಲ್ಲಿ ಕೆಲಸಕ್ಕೆ ಬಂದದ್ದು ಕಂಟೆಂಟ್ ವಿಸಿಬಿಲಿಟಿ ಆಟೊ ಅನ್ನುವ ರೂಲ್. ಬರಹದ ಕೆಳಗಿನ ಸಂಬಂಧಿತ ಬರಹಗಳ ಉದ್ದ ಪಟ್ಟಿಗೆ ಅದನ್ನು ಹಾಕಿದೆ. ಪರದೆಯ ಹತ್ತಿರ ಬರುವ ತನಕ ಬ್ರೌಸರ್ ಅದರ ಲೆಕ್ಕಾಚಾರವನ್ನೇ ಮುಂದೂಡುತ್ತದೆ. ಜೊತೆಗೆ ಅಂದಾಜು ಎತ್ತರವನ್ನೂ ಕೊಡಬೇಕು, ಇಲ್ಲದಿದ್ದರೆ ಸ್ಕ್ರೋಲ್ ಪಟ್ಟಿ ಜಿಗಿಯುತ್ತದೆ.

ಮೊದಲಿನ ಅದೇ ಹಳೆಯ ಫೋನ್, ಅದೇ ಇಳಿಸಿದ ವೇಗದಲ್ಲಿ ಮತ್ತೆ ಅಳೆದೆ. ಈಗ ಎಚ್‌ಟಿಎಂಎಲ್ ಬಂದ ಕೂಡಲೇ ಬರಹ ಮೂಡುತ್ತದೆ, ನಡುವೆ ಕಾಯುವುದು ಏನೂ ಇಲ್ಲ. ಬರಹ ಮಾತ್ರ ಇರುವ ಪುಟಗಳಲ್ಲಿ ಎಲ್‌ಸಿಪಿ 2.5 ಸೆಕೆಂಡಿನ ಒಳಗೆ ಬಂದಿದೆ. ನಿಜವಾದ ಓದುಗರ ಅಂಕಿ ತಿಳಿಯಲು ಸ್ವಲ್ಪ ತಾಳಬೇಕು, ಏಕೆಂದರೆ ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್ ಸೇವೆ ತೋರಿಸುವುದು ಹಿಂದಿನ 28 ದಿನಗಳ ಲೆಕ್ಕ. ಮೇಲ್ಭಾಗದಲ್ಲಿ ದೊಡ್ಡ ಚಿತ್ರ ಇರುವ ಬರಹಗಳು ಇನ್ನೂ ಹಿಂದೆ ಇವೆ. ಅಲ್ಲಿ ತಡ ಮಾಡುತ್ತಿರುವುದು ಸ್ಟೈಲ್‌ಶೀಟ್ ಅಲ್ಲ, ಚಿತ್ರವೇ. ಮುಂದೆ ಅದಕ್ಕೆ ಕೈ ಹಾಕಬೇಕು.